ಸೊಂಟ ನೋವಿಗೆ ಡಿ.ಓ., ಕೈರೋಪ್ರ್ಯಾಕ್ಟರ್, ಫಿಸಿಕಲ್ ಥೆರಪಿ: ಮೂರನ್ನೂ ನೋಡಿದ ಮೇಲೆ

ಅಮೆರಿಕದಲ್ಲಿ ಸೊಂಟ ಹಿಡಿದುಕೊಂಡರೆ ಮೊದಲು ಯಾರ ಹತ್ತಿರ ಹೋಗಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕೈಯಿಂದಲೂ ಚಿಕಿತ್ಸೆ ಮಾಡುವ ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿಯ ಡಾಕ್ಟರ್ ಹತ್ತಿರ. ನಾನಿರುವುದು ಮಿಚಿಗನ್‌ನಲ್ಲಿ. ಕಳೆದ ಚಳಿಗಾಲ ಮನೆ ಮುಂದಿನ ಹಿಮ ಎತ್ತಿ ಹಾಕುವಾಗ ಸೊಂಟ ಉಳುಕಿತು. ನೆಲದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಮೊದಲು ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಮಾಡುವ ಕೈರೋಪ್ರ್ಯಾಕ್ಟರ್, ಆಮೇಲೆ ಡಿ.ಓ., ಕೊನೆಗೆ ಫಿಸಿಕಲ್ ಥೆರಪಿ (ಊರಲ್ಲಿ ಫಿಸಿಯೋಥೆರಪಿ ಅನ್ನುತ್ತೇವಲ್ಲ, ಅದು), ಈ ಕ್ರಮದಲ್ಲಿ ಮೂರನ್ನೂ ನೋಡಿದೆ.

ನಮ್ಮವರಲ್ಲಿ ತುಂಬ ಜನಕ್ಕೆ ಡಿ.ಓ. ಅಂದರೆ ಅರ್ಧ ಡಾಕ್ಟರ್ ಅನ್ನುವ ಅನುಮಾನ ಇದೆ. ಅಮೆರಿಕದಲ್ಲಿ ಅದು ಸರಿಯಲ್ಲ. ಇಲ್ಲಿನ ಮಾಮೂಲಿ ವೈದ್ಯ ಪದವಿಯಾದ ಎಂ.ಡಿ. ಪಡೆದವರು ಮಾಡುವುದೆಲ್ಲ ಡಿ.ಓ. ಕೂಡ ಮಾಡಬಹುದು. ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, ಪದವಿ ಆದ ಮೇಲಿನ ಆಸ್ಪತ್ರೆ ತರಬೇತಿಯಾದ ರೆಸಿಡೆನ್ಸಿಯೂ ಒಂದೇ ವ್ಯವಸ್ಥೆಯಲ್ಲಿ ನಡೆಯುತ್ತದೆ. ಡಿ.ಓ.ಗಳ ಪದ್ಧತಿಯಾದ ಆಸ್ಟಿಯೋಪಥಿಯನ್ನು ಶುರು ಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಕೂಡ ವೈದ್ಯರೇ ಆಗಿದ್ದರು. 1864ರಲ್ಲಿ ಮೆನಿಂಜೈಟಿಸ್‌ನಿಂದ ಮಕ್ಕಳನ್ನು ಕಳೆದುಕೊಂಡ ಮೇಲೆ ಆಗಿನ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆರೆದರು. ಇಂದಿನ ಡಿ.ಓ.ಗಳು ಮಾತ್ರ ಔಷಧಿಯನ್ನು ದೂರ ಇಟ್ಟಿಲ್ಲ. ಇಲ್ಲಿ ಈಸ್ಟ್ ಲ್ಯಾನ್ಸಿಂಗ್‌ನ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಡಿ. ಕಾಲೇಜೂ ಇದೆ, ಡಿ.ಓ. ಕಾಲೇಜೂ ಇದೆ. ಬ್ರಿಟನ್‌ನಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಿ: ಅಲ್ಲಿನ ಆಸ್ಟಿಯೋಪಾತ್‌ಗಳಿಗೆ 1993ರ ಕಾಯ್ದೆಯ ಪ್ರಕಾರ ನೋಂದಣಿ ಇದೆ, ಆದರೆ ಅವರು ಔಷಧಿ ಬರೆಯುವ ಡಾಕ್ಟರ್‌ಗಳಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಮಾತು.

ಕೈರೋಪ್ರ್ಯಾಕ್ಟರ್ ಹತ್ತಿರ ಮೊದಲು ಹೋಗಿದ್ದು ಮನೆ ಹತ್ತಿರ ಇತ್ತು, ಅದೇ ದಿನ ಸಮಯ ಸಿಕ್ಕಿತು ಅಂತ. ಎಕ್ಸ್‌ರೇ ತೆಗೆದರು, ಟಕ್ ಅಂತ ಬೆನ್ನಿನ ನೆಟಿಕೆ ತೆಗೆದರು, ಸಂಜೆವರೆಗೆ ಹಗುರ ಅನ್ನಿಸಿತು. ಮರುದಿನ ನೋವು ಅಲ್ಲೇ ಇತ್ತು. ಹೊರಡುವಾಗ ತಿಂಗಳುಗಟ್ಟಲೆ ಬರುವ ಪ್ಯಾಕೇಜ್‌ಗೆ ಮುಂಗಡ ಕಟ್ಟಿ ಅಂದರು. ನನಗೆ ಅದು ಒಪ್ಪಿಗೆ ಆಗಲಿಲ್ಲ.

ಡಿ.ಓ. ಹತ್ತಿರ ಅನುಭವ ಬೇರೆಯೇ ಆಗಿತ್ತು. ಮುಟ್ಟುವ ಮೊದಲು ತುಂಬ ಕೇಳಿದರು. ಜ್ವರ ಬಂದಿತ್ತಾ? ತೂಕ ಇಳಿದಿದೆಯಾ? ಮೂತ್ರ ಕಟ್ಟುತ್ತದೆಯಾ? ತೊಡೆ ಸಂದಿಯಲ್ಲಿ ಮರಗಟ್ಟುತ್ತದೆಯಾ? ಕಿಡ್ನಿ ಕಲ್ಲು ಆಗಿತ್ತಾ? ಆಮೇಲೆ ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಮಂಡಿ ತಟ್ಟಿ ನೋಡಿದರು, ಮಲಗಿಸಿ ನೆಟ್ಟಗಿದ್ದ ಕಾಲು ಎತ್ತಿ ನರ ಎಳೆಯುತ್ತದಾ ಅಂತ ಪರೀಕ್ಷಿಸಿದರು. ಇಷ್ಟು ಯಾವ ಒಳ್ಳೆಯ ಡಾಕ್ಟರ್ ಆದರೂ ಮಾಡುತ್ತಾರೆ. ಅದರ ಮುಂದಿನದು ಅವರ ವಿಶೇಷ. ನನ್ನನ್ನು ನಿಲ್ಲಿಸಿ, ಹಿಂದೆ ಕೂತು, ಎರಡೂ ಹೆಬ್ಬೆರಳನ್ನು ಸೊಂಟದ ಮೂಳೆಯ ಮೇಲಿಟ್ಟು ಬಗ್ಗಲು ಹೇಳಿದರು. ಬಗ್ಗುವಾಗ ಒಂದು ಹೆಬ್ಬೆರಳು ಇನ್ನೊಂದಕ್ಕಿಂತ ಮೇಲೆ ಹೋಗುತ್ತದಾ ಅಂತ ನೋಡುತ್ತಾರೆ. ಇವರು ಹುಡುಕುವುದು ನಾಲ್ಕು: ಮಾಂಸ ಗಟ್ಟಿಯಾಗಿರುವುದು, ಎಡ ಬಲ ಸಮ ಇಲ್ಲದಿರುವುದು, ಚಲನೆ ಕಡಿಮೆಯಾಗಿರುವುದು, ಒತ್ತಿದರೆ ನೋಯುವುದು. ನೋವು ನನಗೆ ಎಡ ಸೊಂಟದಲ್ಲಿತ್ತು. ಹೆಚ್ಚು ಬಿಗಿದಿದ್ದು ತೊಡೆಯ ಮುಂಭಾಗಕ್ಕೆ ಇಳಿಯುವ ಒಳಗಿನ ಸೋವಾಸ್ ಸ್ನಾಯು. ಇಡೀ ದಿನ ಕುರ್ಚಿಯಲ್ಲಿ ಕೂರುವವರಲ್ಲಿ ಇದು ಜಾಸ್ತಿ ನೋಡುತ್ತೇನೆ ಅಂದರು.

ಚಿಕಿತ್ಸೆಯಲ್ಲಿ ಟಕ್ ಅನ್ನುವ ಶಬ್ದವೇ ಬರಲಿಲ್ಲ. ಕಾಲನ್ನು ಹಿಡಿದು, ಅವರ ಕೈಗೆ ವಿರುದ್ಧವಾಗಿ ಮೆಲ್ಲಗೆ ಒತ್ತಲು ಹೇಳುತ್ತಿದ್ದರು. ಕೆಲವು ಸೆಕೆಂಡ್ ಒತ್ತಿ ಬಿಟ್ಟ ಮೇಲೆ ಕಾಲನ್ನು ಸ್ವಲ್ಪ ಮುಂದೆ ಒಯ್ದು ಮತ್ತೆ ಹಾಗೇ ಮಾಡಿಸುತ್ತಿದ್ದರು. ಇದಕ್ಕೆ ಮಸಲ್ ಎನರ್ಜಿ ಅನ್ನುತ್ತಾರೆ. ಇನ್ನೊಂದು ಕೌಂಟರ್‌ಸ್ಟ್ರೇನ್: ನೋಯುವ ಜಾಗಕ್ಕೆ ಬೆರಳಿಟ್ಟು, ನೋವು ಕಡಿಮೆ ಆಗುವ ಭಂಗಿಗೆ ಮೈಯನ್ನು ಮಡಿಸಿ, 90 ಸೆಕೆಂಡ್ ಹಾಗೇ ಹಿಡಿಯುತ್ತಾರೆ. ಎದ್ದು ನಿಂತಾಗ ನೆಟ್ಟಗೆ ನಿಲ್ಲಲು ಆಯಿತು. ಎಂ.ಆರ್.ಐ. ಕೇಳಿದೆ. ಈಗ ಬೇಡ, ಕಾಲಿಗೆ ಶಕ್ತಿ ಕಡಿಮೆಯಾದರೆ ಮಾಡಿಸೋಣ ಅಂದರು. ಸುಮ್ನೆ ಖರ್ಚು ಮಾಡಿಸಲಿಲ್ಲ ಅನ್ನುವುದು ನನಗೆ ತುಂಬ ಹಿಡಿಸಿತು.

ಇದು ಪವಾಡ ಅಂತ ನಾನು ಹೇಳುವುದಿಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಆಸ್ಟಿಯೋಪಥಿಕ್ ಚಿಕಿತ್ಸೆ ಪಡೆದವರೂ ಸಾಮಾನ್ಯ ಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದರು. ಮೊದಲಿನವರಿಗೆ ಔಷಧಿ ಕಡಿಮೆ ಸಾಕಾಯಿತು, ಅಷ್ಟೇ. 2021ರಲ್ಲಿ ಫ್ರಾನ್ಸ್‌ನಲ್ಲಿ 400 ಜನರ ಮೇಲೆ ನಡೆದ ಪ್ರಯೋಗದಲ್ಲಿ, ನಿಜವಾದ ಚಿಕಿತ್ಸೆಗೂ ತೋರಿಕೆಯ ಚಿಕಿತ್ಸೆಗೂ ವ್ಯತ್ಯಾಸ ಇತ್ತು, ಆದರೆ ರೋಗಿಗೆ ಗೊತ್ತಾಗುವಷ್ಟು ದೊಡ್ಡದಾಗಿರಲಿಲ್ಲ. ಸೊಂಟ ನೋವು ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಅದೂ ನಿಜ. ನನಗೆ ಡಿ.ಓ. ಇಷ್ಟವಾಗಿದ್ದು ಕೈಚಳಕಕ್ಕಿಂತ ಆ ಪರೀಕ್ಷೆಗೆ. ಅಪಾಯದ ಲಕ್ಷಣ ಇದೆಯಾ ಅಂತ ನೋಡುವವರು, ಕೈಯಿಂದ ಚಿಕಿತ್ಸೆ ಮಾಡುವವರು, ಔಷಧಿ ಬರೆಯುವವರು, ಬೇಕಾದರೆ ಸರ್ಜನ್‌ಗೆ ಕಳಿಸುವವರು, ಎಲ್ಲ ಒಬ್ಬರೇ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ: ಬಿಲ್ಲು. ಕೌಂಟರ್‌ನಲ್ಲಿ, ಪ್ರತಿ ಭೇಟಿಗೂ ನಾವು ಕಟ್ಟುವ ನಿಗದಿತ ಪಾಲಾದ ಮಾಮೂಲಿ ಕೋ‑ಪೇ ಕಟ್ಟಿ ಬಂದೆ. ಆಮೇಲೆ ವಿಮೆ ಕಂಪನಿಯ ಕಾಗದ ಬಂತು. ಅದರಲ್ಲಿ ಎರಡು ಸಾಲು. ಒಂದು ಡಾಕ್ಟರ್ ಭೇಟಿಗೆ, ಇನ್ನೊಂದು ಕೈ ಚಿಕಿತ್ಸೆಗೆ. ಕೈ ಚಿಕಿತ್ಸೆಗೆ ದೇಹದ ಎಷ್ಟು ಭಾಗ ಮುಟ್ಟಿದರು ಅನ್ನುವುದರ ಮೇಲೆ ಬಿಲ್ಲಿನ ಕೋಡ್ ಬದಲಾಗುತ್ತದೆ. ಒಂದೆರಡು ಭಾಗಕ್ಕೆ 98925, ಮೂರು ನಾಲ್ಕು ಭಾಗಕ್ಕೆ 98926, ಹೀಗೆ 98929ರವರೆಗೆ. ಸೊಂಟ, ಸೇಕ್ರಮ್ (ಬೆನ್ನುಮೂಳೆಯ ಬುಡದ ಮೂಳೆ), ಪೆಲ್ವಿಸ್ (ಕಟಿಭಾಗ), ಕಾಲು ಎಲ್ಲ ಬೇರೆ ಬೇರೆ ಭಾಗ. ಸೊಂಟ ನೋವು ಅಂತ ಹೋದರೂ ನಾಲ್ಕು ಭಾಗ ಸುಲಭವಾಗಿ ಆಗುತ್ತದೆ, ಅಲ್ವಾ?

ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ದಿನ ಭೇಟಿ ಮತ್ತು ಚಿಕಿತ್ಸೆ ಎರಡಕ್ಕೂ ಹಣ ಕೇಳಬೇಕಾದರೆ, ಭೇಟಿಯ ಕೋಡ್ ಜೊತೆ 25 ಅನ್ನುವ ಮಾಡಿಫೈಯರ್ ಸೇರಿಸಬೇಕು. ಪರೀಕ್ಷೆ ಬೇರೆ ಕೆಲಸ, ಚಿಕಿತ್ಸೆ ಬೇರೆ ಕೆಲಸ ಅಂತ ಅದು ಹೇಳುತ್ತದೆ. ನನ್ನ ಬಿಲ್ಲಿನಲ್ಲಿ ಅದು ಬಿಟ್ಟುಹೋಗಿತ್ತು. ವಿಮೆಯವರು ಭೇಟಿಯ ಹಣ ಕೊಡುವುದಿಲ್ಲ ಅಂದರು. ಕ್ಲಿನಿಕ್‌ನ ಬಿಲ್ಲಿಂಗ್‌ನವರು ವಿಮೆಗೆ ಕೇಳಿ ಅಂದರು, ವಿಮೆಯವರು ಕ್ಲಿನಿಕ್‌ಗೆ ಕೇಳಿ ಅಂದರು. ಊಟದ ಬಿಡುವೆಲ್ಲ ಫೋನಿನಲ್ಲೇ ಹೋಯಿತು. ಕೊನೆಗೆ ತಿದ್ದಿದ ಬಿಲ್ಲು ಹೋಯಿತು, ಭೇಟಿಯ ಹಣ ಸರಿಹೋಯಿತು. ಚಿಕಿತ್ಸೆಯ ಹಣ ಮಾತ್ರ ಡಿಡಕ್ಟಿಬಲ್‌ಗೆ (ವಿಮೆ ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ನಾವೇ ಕಟ್ಟಬೇಕಾದ ಮೊತ್ತಕ್ಕೆ) ಬಿತ್ತು. ಅದನ್ನು ನಾನೇ ಕಟ್ಟಿದೆ.

ಇನ್ನೊಂದು ಬೇಜಾರಿನ ಸಂಗತಿ ಆಮೇಲೆ ಗೊತ್ತಾಯಿತು. ಕೆಲವು ಪ್ಲಾನ್‌ಗಳಲ್ಲಿ ಕೈರೋಪ್ರ್ಯಾಕ್ಟರ್ ಮಾಡುವುದಕ್ಕೂ ಡಿ.ಓ. ಮಾಡುವುದಕ್ಕೂ ಸೇರಿಸಿ ವರ್ಷಕ್ಕೆ ಇಷ್ಟೇ ಸಲ ಅಂತ ಮಿತಿ ಇರುತ್ತದೆ. ನನ್ನದೂ ಅಂಥದ್ದೇ. ಕೈರೋಪ್ರ್ಯಾಕ್ಟರ್ ಹತ್ತಿರ ಹೋಗಿದ್ದೂ ಅದೇ ಲೆಕ್ಕಕ್ಕೆ ಸೇರಿತ್ತು. ಆದ್ದರಿಂದ ಮೊದಲೇ ವಿಮೆಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಓ.ಎಂ.ಟಿ. (ಡಿ.ಓ. ಮಾಡುವ ಕೈ ಚಿಕಿತ್ಸೆ) ಕೋ‑ಪೇನಲ್ಲಿ ಮುಗಿಯುತ್ತದಾ, ಡಿಡಕ್ಟಿಬಲ್‌ಗೆ ಬೀಳುತ್ತದಾ, ವರ್ಷಕ್ಕೆ ಮಿತಿ ಇದೆಯಾ. ಕ್ಲಿನಿಕ್‌ಗೂ ಕೇಳಿ, ಇಲ್ಲಿನ ಡಿ.ಓ. ಓ.ಎಂ.ಟಿ. ಮಾಡುತ್ತಾರಾ ಅಂತ. ಎಷ್ಟೋ ಡಿ.ಓ.ಗಳು ಅದನ್ನು ಬಿಟ್ಟೇಬಿಟ್ಟಿದ್ದಾರೆ.

ಫಿಸಿಕಲ್ ಥೆರಪಿ ಬಗ್ಗೆ ದೂರು ಇಲ್ಲ. ನೋವು ಮತ್ತೆ ಬರದ ಹಾಗೆ ನೋಡಿಕೊಂಡಿದ್ದು ಅದೇ. ಬ್ರಿಡ್ಜ್ (ಮಲಗಿ ಸೊಂಟ ಎತ್ತುವುದು), ಬರ್ಡ್‌ಡಾಗ್ (ಕೈ ಮಂಡಿ ಊರಿ ಒಂದು ಕೈಯನ್ನೂ ಎದುರು ಕಾಲನ್ನೂ ಚಾಚುವುದು), ಭಾರ ಎತ್ತುವಾಗ ಬೆನ್ನು ಬಗ್ಗಿಸದೆ ತೊಡೆಯ ಕೀಲಿನಿಂದ ಬಾಗುವುದು, ಇಷ್ಟನ್ನು ಚೆನ್ನಾಗಿ ಕಲಿಸಿದರು. ಮಿಚಿಗನ್‌ನಲ್ಲಿ 2015ರಿಂದ ಡಾಕ್ಟರ್ ಚೀಟಿ ಇಲ್ಲದೆಯೂ 21 ದಿನ ಅಥವಾ 10 ಸಲ, ಯಾವುದು ಮೊದಲೋ ಅಲ್ಲಿವರೆಗೆ ಹೋಗಬಹುದು. ನನಗೆ ಕಷ್ಟವಾಗಿದ್ದು ಚಳಿಗಾಲದ ರಸ್ತೆಯಲ್ಲಿ ವಾರಕ್ಕೆ ಎರಡು ಸಲ ಓಡಾಟ, ಪ್ರತಿ ಸಲವೂ ಕೋ‑ಪೇ. ಬೆಳಿಗ್ಗೆ ಸೂರ್ಯನಮಸ್ಕಾರ ಮಾಡುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಹಾಗಾಗಿ ವ್ಯಾಯಾಮ ಕಲಿತು, ಮನೆಯಲ್ಲೇ ಮುಂದುವರಿಸಿದೆ. ತಾನಾಗಿ ವ್ಯಾಯಾಮ ಮಾಡದವರಿಗೆ ಥೆರಪಿಸ್ಟ್ ಎದುರಿಗೆ ನಿಂತು ಮಾಡಿಸುವುದೇ ಮೇಲು.

ಡಿಡಕ್ಟಿಬಲ್ ಜಾಸ್ತಿ ಇರುವ ನನ್ನಂಥವರಿಗೆ ನನ್ನ ಲೆಕ್ಕ ಹೀಗೆ: ಪರೀಕ್ಷೆಗೂ ಮೊದಲ ಬಿಗಿತ ಬಿಡಿಸುವುದಕ್ಕೂ ಡಿ.ಓ., ಆಮೇಲೆ ವ್ಯಾಯಾಮ ಕಲಿಯುವಷ್ಟು ಫಿಸಿಕಲ್ ಥೆರಪಿ. ಕೈರೋಪ್ರ್ಯಾಕ್ಟರ್‌ಗೆ ನಾನು ಮತ್ತೆ ದುಡ್ಡು ಕೊಡುವುದಿಲ್ಲ. ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಈ ಮೂವರೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಸೊಂಟ ನೋವು ಅಂತ ಕರೆದುಕೊಂಡು ಹೋಗುವುದಾದರೆ, ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೋಪೊರೋಸಿಸ್) ಇದ್ದರೆ ಅದನ್ನು ಮೊದಲೇ ಹೇಳಿ. ಟಕ್ ಅಂತ ನೆಟಿಕೆ ತೆಗೆಯುವ ವಿಧಾನ ಅವರಿಗೆ ಆಗುವುದಿಲ್ಲ. ವಿಸಿಟರ್ ವಿಮೆಯಲ್ಲಿ ಹಳೆಯ ನೋವಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ, ಆದ್ದರಿಂದ ನಗದು ಕೊಟ್ಟರೆ ಎಷ್ಟು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.