ನೀ (knee) ಮಾದರಿಯ ಟರೆಟ್ ಮಿಲ್ಲಿಂಗ್ ಮಷಿನ್: ಆರು ವರ್ಷ ಓಡಿಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಟೇಬಲ್ ಮತ್ತು ಅದರಡಿಯ ಸ್ಯಾಡಲ್ ಎರಡನ್ನೂ ಹೊತ್ತು ಮೇಲೆ ಕೆಳಗೆ ಸರಿಯುವ ಭಾಗವೇ ‘ನೀ’. ಆರ್8 ಟೇಪರ್ (ಸ್ಪಿಂಡಲ್‌ನಲ್ಲಿ ಕಾಲೆಟ್ ಕೂರುವ ಓರೆ ತೂತು), ಸ್ಟೆಪ್ ಪುಲ್ಲಿ (ವೇಗ ಬದಲಿಸುವ ಮೆಟ್ಟಿಲು ರಾಟೆ), ಕೈಯಲ್ಲಿ ಎಳೆಯುವ ಆಯಿಲ್ ಪಂಪ್ ಇರುವ ಸಾಧಾರಣ ಮಷಿನ್. ದಿನಕ್ಕೊಂದು ಶಿಫ್ಟ್, ಹೆಚ್ಚಾಗಿ ಎಂ.ಎಸ್. (ಮೈಲ್ಡ್ ಸ್ಟೀಲ್) ಮತ್ತು ಅಲ್ಯೂಮಿನಿಯಂ ಜಾಬ್. ಎರಕ ಗಟ್ಟಿ, ಸ್ಪಿಂಡಲ್ ಬೇರಿಂಗ್ ಇನ್ನೂ ಸದ್ದು ಮಾಡಿಲ್ಲ. ಒಂದು ಸ್ಟಾರ್ ಕಡಿಮೆಯಾದದ್ದು ಆಯಿಲ್ ಲೈನಿನಿಂದ. ಕೆಲಸ ಕೆಟ್ಟರೆ ಎಲ್ಲರ ಕೈ ಮೊದಲು ಹೋಗುವುದು ಹೆಡ್ ಬೋಲ್ಟ್‌ಗೆ. ತಪ್ಪು ಇರುವುದು ಬಹುಪಾಲು ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಓರೆ ಪಟ್ಟಿ), ಎಣ್ಣೆ, ಕಾಲೆಟ್ (ಕಟರ್ ಹಿಡಿಯುವ ಸೀಳು ಕೊಳವೆ) ಈ ಮೂರರಲ್ಲಿ.

ಚ್ಯಾಟರ್‌ನಿಂದ, ಅಂದರೆ ಕಡಿಯುವಾಗಿನ ನಡುಕದಿಂದ, ಶುರು ಮಾಡೋಣ. ಕಟರ್ ಕಿರುಚಿದ ಕೂಡಲೇ ಫೀಡ್ (ಜಾಬ್ ಸರಿಯುವ ವೇಗ) ಇಳಿಸುವುದು ರೂಢಿ. ಆದರೆ ಫೀಡ್ ತೀರಾ ಕಡಿಮೆಯಾದರೆ ಹಲ್ಲು ಕಡಿಯುವುದಿಲ್ಲ, ಉಜ್ಜುತ್ತದೆ; ಕಿರುಚಾಟ ಇನ್ನೂ ಜಾಸ್ತಿ. 12 ಮಿ.ಮೀ., ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಎಂಡ್ ಮಿಲ್ ಕಟರ್‌ಗೆ ಎಂ.ಎಸ್. ಮೇಲೆ ನಿಮಿಷಕ್ಕೆ 25 ಮೀಟರ್ ವೇಗ ಹಿಡಿದರೆ ಸುಮಾರು 660 ಆರ್‌ಪಿಎಂ. ಹಲ್ಲಿಗೆ 0.04 ಮಿ.ಮೀ. ಅಂದರೆ ನಿಮಿಷಕ್ಕೆ 105 ಮಿ.ಮೀ. ಫೀಡ್. ಇಷ್ಟಿದ್ದೂ ಕಿರುಚಿದರೆ ಆರ್‌ಪಿಎಂ ಒಂದು ಮೆಟ್ಟಿಲು ಇಳಿಸಿ, ಹಲ್ಲಿನ ಲೆಕ್ಕದ ಫೀಡ್ ಹಾಗೇ ಇರಲಿ. ಕಟರ್ ಹೊರಚಾಚಿದ ಉದ್ದ ಅರ್ಧ ಮಾಡಿದರೆ ಅದರ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಇಷ್ಟು ಅಗ್ಗದ ಪರಿಹಾರ ಇನ್ನೊಂದಿಲ್ಲ. ಕ್ವಿಲ್ (ಸ್ಪಿಂಡಲನ್ನು ಮೇಲೆ ಕೆಳಗೆ ಒಯ್ಯುವ ಕೊಳವೆ) ಮೇಲಿಟ್ಟು ಲಾಕ್ ಮಾಡಿ, ಆಳವನ್ನು ‘ನೀ’ಯನ್ನು ಎತ್ತಿ ಕೊಡಿ. ಓಡದ ಸ್ಲೈಡ್‌ಗಳೆಲ್ಲ ಲಾಕ್ ಆಗಿರಬೇಕು.

ಆಮೇಲೆ ಗಿಬ್. ಡಯಲ್ ಗೇಜ್‌ನ ಮ್ಯಾಗ್ನೆಟ್ ಬೇಸ್ ಅನ್ನು ಸ್ಯಾಡಲ್ ಮೇಲೆ ಕೂರಿಸಿ, ಮೊನೆಯನ್ನು ಟೇಬಲ್ ತುದಿಯ ಮುಂದಿನ ಮುಖಕ್ಕೆ ತಾಗಿಸಿ, ಟೇಬಲನ್ನು ಹಿಂದೆ ಮುಂದೆ ಜಗ್ಗಿ. ಮುಳ್ಳು 0.02 ಮಿ.ಮೀ. ಮೀರಿ ಓಡಿದರೆ ಟೇಬಲ್ ಗಿಬ್ ಸಡಿಲ. ಬೇಸ್ ಅನ್ನು ‘ನೀ’ ಮೇಲೆ ಇಟ್ಟರೆ ಸ್ಯಾಡಲ್‌ನ ಅಲುಗಾಟವೂ ಸೇರಿ ಬರುತ್ತದೆ, ಯಾವುದು ಎಷ್ಟೆಂದು ಗೊತ್ತಾಗದು. ಬಿಗಿ ಮಾಡುವ ಮೊದಲು ವೈಪರ್ ತೆಗೆದು ಚಿಪ್ಸ್ ಒರೆಸಿ. ಗಿಬ್‌ನ ಸಣ್ಣ ತುದಿಯ ಸ್ಕ್ರೂ ಒಂದು ಸುತ್ತು ಸಡಿಲಿಸಿ, ದಪ್ಪ ತುದಿಯದನ್ನು ಹ್ಯಾಂಡಲ್ ಬಿಗಿಯಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದೆ ತಂದು, ಸಣ್ಣ ತುದಿಯದನ್ನು ಮತ್ತೆ ತಾಗಿಸಿ. ಹಳೆಯ ಮಷಿನ್‌ನಲ್ಲಿ ಸ್ಲೈಡ್ ಸವೆಯುವುದು ನಡುವೆ. ನಡುವೆ ನಿಲ್ಲಿಸಿ ಬಿಗಿ ಮಾಡಿದರೆ ತುದಿಯಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ.

ಬ್ಯಾಕ್‌ಲ್ಯಾಶ್‌ನದೂ (ಹ್ಯಾಂಡಲ್ ದಿಕ್ಕು ಬದಲಿಸಿದಾಗ ಟೇಬಲ್ ಓಡದೆ ಖಾಲಿ ಹೋಗುವ ತಿರುಗು) ಇದೇ ಕಥೆ. ಹ್ಯಾಂಡಲ್ ತಿರುಗಿಸಿ ಗೇಜ್ ಮುಳ್ಳು ಓಡಲು ಶುರುವಾದಾಗ ಹ್ಯಾಂಡಲಿನ ಡಯಲ್ ಸೊನ್ನೆ ಮಾಡಿ, ಹಿಂದಕ್ಕೆ ತಿರುಗಿಸಿ, ಮುಳ್ಳು ಮತ್ತೆ ಮಿಸುಕಿದಾಗಿನ ಡಯಲ್ ಓದಿ. 0.15 ಮಿ.ಮೀ.ವರೆಗೆ ಬಂದರೆ ಬಿಟ್ಟುಬಿಡಿ. ಅದಕ್ಕಿಂತ ಹೆಚ್ಚಿದ್ದರೆ ನಟ್ ಮುಟ್ಟುವ ಮೊದಲು ಟೇಬಲನ್ನು ಕೈಯಿಂದ ಜಗ್ಗಿ ನೋಡಿ: ಸ್ಕ್ರೂವೂ ಟೇಬಲ್ ಜೊತೆಗೇ ಆಡಿದರೆ ಸಡಿಲವಿರುವುದು ನಟ್. ಸ್ಕ್ರೂ ಕದಲದೆ ಟೇಬಲ್ ಮಾತ್ರ ಆಡಿದರೆ ತುದಿಯ ಬೇರಿಂಗ್. ಸೀಳು ನಟ್ ಬಿಗಿ ಮಾಡುತ್ತಾ ಟೇಬಲನ್ನು ಈ ತುದಿಯಿಂದ ಆ ತುದಿಗೆ ಓಡಿಸುತ್ತಿರಿ. ಬ್ಯಾಕ್‌ಲ್ಯಾಶ್ ಸೊನ್ನೆಯಾಗುವುದಿಲ್ಲ, ಹಾಗಾಗಿ ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಹಲ್ಲು ಓಡುವ ದಿಕ್ಕಿಗೇ ಜಾಬ್ ಸರಿಯುವಾಗ) ಕಟರ್ ಜಾಬನ್ನು ತನ್ನತ್ತ ಎಳೆದುಕೊಂಡು ಹಲ್ಲು ಮುರಿಯುತ್ತದೆ. ರಫಿಂಗ್‌ಗೆ (ಮೊದಲ ಒರಟು ಕಡಿತಕ್ಕೆ) ಅದು ಬೇಡ.

ಇನ್ನು ಆಯಿಲ್ ಪಂಪ್. ಹ್ಯಾಂಡಲ್ ಎಳೆದು ಬಿಟ್ಟರೆ ಅದು ನಿಧಾನವಾಗಿ, ಕೆಲ ನಿಮಿಷದಲ್ಲಿ ಇಳಿಯಬೇಕು. ತಟ್ಟನೆ ಇಳಿದರೆ ಲೈನ್ ಕಿತ್ತಿದೆ ಅಥವಾ ಗಾಳಿ ಸೇರಿದೆ. ಇಳಿಯದೆ ನಿಂತರೆ ಫಿಲ್ಟರ್ ಕಟ್ಟಿದೆ. ಸರಿಯಾಗಿ ಇಳಿದರೂ ಒಂದು ಸ್ಲೈಡ್ ಒಣಗಿದ್ದರೆ ಆ ಲೈನಿನ ಮೀಟರಿಂಗ್ ಯೂನಿಟ್ (ಎಣ್ಣೆಯನ್ನು ಅಳತೆಯಲ್ಲಿ ಬಿಡುವ ಭಾಗ) ಸತ್ತಿದೆ. ತೊಳೆಯುತ್ತಾ ಕೂರಬೇಡಿ, ಬದಲಿಸಿ. ವಿಜಿ 68ರ (ಎಣ್ಣೆಯ ಮಂದತೆಯ ಅಂಕ) ಸ್ಲೈಡ್‌ವೇ ಆಯಿಲ್ಲೇ ಇರಲಿ. ಹೈಡ್ರಾಲಿಕ್ ಆಯಿಲ್ ಹಾಕಿದರೆ ಅಂಟು ಸಾಲದೆ ಸಣ್ಣ ಫೀಡ್‌ನಲ್ಲಿ ಟೇಬಲ್ ತಡೆತಡೆದು ಜಿಗಿಯುತ್ತದೆ. ಎಷ್ಟೋ ಸಲ ಇದನ್ನೇ ಗಿಬ್ ಬಿಗಿಯೆಂದು ಓದುತ್ತಾರೆ.

ಹೆಡ್ ನೇರ ಇದೆಯೇ ಎಂಬುದನ್ನು ಫೇಸ್ ಮಿಲ್ (ಮೈ ಸಮ ಮಾಡುವ ಅಗಲ ಕಟರ್) ಓಡಿದ ಮೈಯೇ ಹೇಳುತ್ತದೆ. ಕಮಾನು ಗೆರೆಗಳು ಎರಡೂ ದಿಕ್ಕಿಗೆ ಹೆಣೆದುಕೊಂಡಿದ್ದರೆ ಸರಿ. ಒಂದೇ ದಿಕ್ಕಿನವು ಕಂಡರೆ ಹೆಡ್ ವಾಲಿದೆ. ಸರಿಪಡಿಸುವಾಗ ಮೊದಲು ಮುಂದೆ-ಹಿಂದೆ, ಆಮೇಲೆ ಎಡ-ಬಲ. ಸ್ಪಿಂಡಲ್‌ಗೆ ಕಟ್ಟಿದ ಗೇಜ್ 200 ಮಿ.ಮೀ. ವೃತ್ತದಲ್ಲಿ 0.02 ಮಿ.ಮೀ. ಒಳಗೆ ಓದಿದರೆ ಸಾಕು. ಬೋಲ್ಟ್‌ಗಳನ್ನು ಎದುರುಬದಿರಾಗಿ ಹಂತಹಂತವಾಗಿ ಬಿಗಿ ಮಾಡಿ, ಮತ್ತೊಮ್ಮೆ ಸುತ್ತಿ ನೋಡಿ. ಬಿಗಿ ಮಾಡುವಾಗಲೇ ಹೆಡ್ ಸರಿಯುತ್ತದೆ.

ಸ್ಲಾಟ್ ಸಾಗಿದಂತೆ ಆಳವಾಗುತ್ತಿದ್ದರೆ ಕಟರನ್ನು ಅದರ ಸುರುಳಿಯೇ ಕಾಲೆಟ್‌ನಿಂದ ಕೆಳಗೆಳೆಯುತ್ತಿದೆ. ಶ್ಯಾಂಕ್ (ಕಟರ್‌ನ ಹಿಡಿ), ಕಾಲೆಟ್, ಟೇಪರ್ ಮೂರನ್ನೂ ಎಣ್ಣೆಯಿಲ್ಲದಂತೆ ಒರೆಸಿ, ಡ್ರಾ ಬಾರನ್ನು (ಕಾಲೆಟನ್ನು ಮೇಲಕ್ಕೆಳೆದು ಹಿಡಿಯುವ ಉದ್ದ ಬೋಲ್ಟ್) ಸ್ಪಾನರ್‌ನಲ್ಲೇ ಬಿಗಿ ಮಾಡಿ. ಬಿಚ್ಚುವಾಗ ಒಂದೆರಡು ಸುತ್ತು ಮಾತ್ರ ಸಡಿಲಿಸಿ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ. ಪೂರ್ತಿ ಸಡಿಲಿಸಿ ಹೊಡೆದರೆ ಪೆಟ್ಟೆಲ್ಲ ಕೊನೆಯ ಎರಡು ತ್ರೆಡ್‌ಗಳ ಮೇಲೆ ಬಿದ್ದು ಅವು ನಜ್ಜುಗುಜ್ಜಾಗುತ್ತವೆ.

ಹೊಸಬರಿಗೆ ಇನ್ನೊಂದು ಮಾತು: ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ಇಳಿಸುವ ಗೇರ್) ಹಾಕಿದರೆ ಇದರ ಸ್ಪಿಂಡಲ್ ಉಲ್ಟಾ ತಿರುಗುತ್ತದೆ, ಮೋಟಾರ್ ಸ್ವಿಚ್ಚನ್ನೂ ರಿವರ್ಸ್‌ಗೆ ಹಾಕಬೇಕು. ಮರೆತರೆ ಕಟರ್ ಕಡಿಯುವುದಿಲ್ಲ, ಅಂಚು ಸುಟ್ಟು ನೀಲಿಯಾಗುತ್ತದೆ.