ವರ್ಷಕ್ಕಿಂತ ಜಾಸ್ತಿ ಬಳಸಿದ ಮೇಲೆ: ನಮ್ಮ ಮನೆಯಲ್ಲಿ ಉಳಿದುಕೊಂಡ ಆಟ, ತಿಂಡಿ, ಸಾಮಾನು

ತಂದ ವಾರದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಟದ ಡಬ್ಬ ಹೊಳೆಯುತ್ತಿರುತ್ತದೆ, ತಿಂಡಿ ಗರಿಗರಿಯಾಗಿರುತ್ತದೆ, ನೆಲ ಒರೆಸುವ ಲಿಕ್ವಿಡ್‌ನ ಪರಿಮಳ ಮನೆ ತುಂಬಾ ಇರುತ್ತದೆ. ಅದಕ್ಕೇ ತಂದ ಕೂಡಲೇ ಬರೆದ ವಿಮರ್ಶೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಲ್ಲಿ ಹೇಳಿರುವ ವಸ್ತುಗಳೆಲ್ಲ ನಮ್ಮ ಮನೆಯಲ್ಲಿ ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ರಜೆ ದಾಟಿವೆ.

ನಮ್ಮ ಮನೆ ಬೆಂಗಳೂರಿನ ಬನಶಂಕರಿ ಕಡೆ. ಮೂರನೇ ಕ್ಲಾಸಿನ ಮಗಳು, ಯುಕೆಜಿ ಮಗ, ನಾವಿಬ್ಬರು, ಜೊತೆಗೆ ನಮ್ಮತ್ತೆ. ಅತ್ತೆ ಇರುವುದು ಈ ವಿಮರ್ಶೆಗೆ ಮುಖ್ಯ. ಡಬ್ಬದ ಮೇಲೆ ‘ಮಕ್ಕಳಿಗಾಗಿಯೇ’ ಅಂತ ಬರೆದುಕೊಂಡು ಬಂದವು ನಮ್ಮಲ್ಲಿ ಬೇಗ ಅಟ್ಟ ಸೇರಿದವು. ಮಕ್ಕಳ ಜೊತೆ ದೊಡ್ಡವರೂ ಕೈಹಾಕಿದ್ದು ಉಳಿಯಿತು. ಈಗ ಏನೇ ಕೊಳ್ಳುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ಅತ್ತೆಯೂ ಮುಟ್ಟುತ್ತಾರಾ?

ಆಟಗಳಲ್ಲಿ ಗೆದ್ದದ್ದು ಚೌಕಾಬಾರ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಆಗಾಗ ಕರಕುಶಲ ಮೇಳ ನಡೆಯುತ್ತದಲ್ಲ, ಅಲ್ಲಿಂದ ತಂದ ಬಟ್ಟೆ ಹಾಸು. ದಪ್ಪ ಹತ್ತಿ ಬಟ್ಟೆ, ಮೇಲೆ 25 ಮನೆ, ಪುಟ್ಟ ಚೀಲದಲ್ಲಿ 4 ಕವಡೆ, ನಾಲ್ಕು ಬಣ್ಣದ ಮರದ ಕಾಯಿಗಳು. ಇಷ್ಟೇ. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ.

ಆಡಿ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಇವೆರಡಕ್ಕೂ ಇನ್ನೊಂದು ಸಲ ಹಾಕಬಹುದು. ಅಡ್ಡ ಗೆರೆ ಎಳೆದ ಕಟ್ಟೆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಬೇರೆಯವರ ಕಾಯಿ ಒಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ನಾಲ್ಕೂ ಕಾಯಿ ಮೊದಲು ಹಣ್ಣು ಮಾಡಿದವರು ಗೆದ್ದರು. ಮನೆಯಿಂದ ಮನೆಗೆ ನಿಯಮ ಸ್ವಲ್ಪ ಬೇರೆ ಇರುತ್ತದೆ, ನಮ್ಮಲ್ಲಿ ಅತ್ತೆ ಹೇಳಿದ್ದೇ ನಿಯಮ.

ಮೊದಮೊದಲು ಮಗ ಕಾಯಿ ಹೊಡೆಸಿಕೊಂಡಾಗಲೆಲ್ಲ ಅಳುತ್ತಿದ್ದ. “ಅಜ್ಜೀ, ನನ್ ಕಾಯಿ ಹೊಡೀಬೇಡ” ಅಂತ ಬೇಡಿಕೊಳ್ಳುತ್ತಿದ್ದ. ಅತ್ತೆ ಒಂಚೂರೂ ಬಿಟ್ಟುಕೊಡುತ್ತಿರಲಿಲ್ಲ. “ಆಟ ಅಂದ್ಮೇಲೆ ಆಟ ಕಣೋ ಪುಟ್ಟ. ಎರಡು ಬಿದ್ದಾಗ್ಲೇ ಕಟ್ಟೆಗೆ ಹೋಗಿ ಕೂತ್ಕೋಬೇಕಿತ್ತು ನೀನು” ಅನ್ನುತ್ತಿದ್ದರು. ಈಗ ಅವನು ಕವಡೆ ಹಾಕುವ ಮುಂಚೆಯೇ ಯಾವ ಕಾಯಿಗೆ ಎಷ್ಟು ಬೇಕು ಅಂತ ನೋಡಿಕೊಳ್ಳುತ್ತಾನೆ. ಮೊದಲು ಒಂದೊಂದು ಕವಡೆಯ ಮೇಲೂ ಬೆರಳಿಟ್ಟು ಎಣಿಸುತ್ತಿದ್ದವನು ಈಗ ನೋಡಿದ ಕೂಡಲೇ “ಮೂರು” ಅನ್ನುತ್ತಾನೆ. ಇದನ್ನು ನಾವು ಯಾರೂ ಕೂತು ಹೇಳಿಕೊಟ್ಟಿಲ್ಲ.

ಮಗಳಿಗೆ ಬೇರೆಯದೇ ಹುಚ್ಚು ಹಿಡಿದಿದೆ. ಎರಡು ಯಾಕೆ ಇಷ್ಟು ಸಲ ಬೀಳುತ್ತದೆ ಅಂತ ಕೇಳಿದಳು. ಅವರಪ್ಪ ಪೇಪರ್ ತೆಗೆದುಕೊಂಡು ಬರೆದು ತೋರಿಸಿದರು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 4 ಕವಡೆ 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬರುವುದು 6 ರೀತಿಯಲ್ಲಿ, ಚೌಕಕ್ಕೆ 1, ಬಾರಕ್ಕೆ 1. ಅದಾದ ಮೇಲೆ ಅವಳು ತನ್ನ ಕಾಯಿಯನ್ನು ಎದುರಾಳಿಗಿಂತ ಎರಡು ಮನೆ ಮುಂದೆ ನಿಲ್ಲಿಸುವುದನ್ನೇ ಬಿಟ್ಟಳು. ದುಡ್ಡು ಕೊಟ್ಟು ತಂದ ಯಾವ ‘ಬುದ್ಧಿ ಬೆಳೆಸುವ’ ಆಟವೂ ನಮ್ಮಲ್ಲಿ ಇಷ್ಟು ಮಾಡಿಲ್ಲ.

ಕೊರತೆಗಳೂ ಇವೆ. ಒಗೆದ ಮೇಲೆ ಹಾಸಿನ ಅಂಚು ನೂಲು ಬಿಟ್ಟಿತು, ನಾನೇ ಮಡಚಿ ಹೊಲಿದೆ. ಟೈಲ್ಸ್ ನೆಲದ ಮೇಲೆ ಜಾರುತ್ತದೆ, ಕೆಳಗೆ ಚಾಪೆ ಬೇಕು. ಇಬ್ಬರೇ ಆಡಿದರೆ ಸಪ್ಪೆ, ಮೂವರು ಇರಬೇಕು. ನಾಲ್ಕು ಕಾಯಿ ಇಟ್ಟರೆ ಆಟ ಬೇಗ ಮುಗಿಯುವುದಿಲ್ಲ, ಶಾಲೆ ಇರುವ ದಿನ ತಲೆಗೆ ಎರಡೇ ಕಾಯಿ. ಒಂದು ಕವಡೆ ದಿವಾನದ ಕೆಳಗೆ ಎಲ್ಲೋ ಹೋಯಿತು. ಅತ್ತೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬಿಳಿಯಾಗುವ ತನಕ ಕಲ್ಲಿಗೆ ತೇಯ್ದು ಕೊಟ್ಟರು. ಅಷ್ಟರಲ್ಲೇ ಆಟ ನಡೆಯಿತು.

ಇದಾದ ಮೇಲೆ ಅಳಗುಳಿ ಮಣೆ ತರಿಸಿದೆ, ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರಲ್ಲ ಅದೇ. ಸಾಲಿಗೆ 7ರಂತೆ 14 ಗುಳಿ, ನಡುವೆ ಮಡಚಬಹುದು. ಮರ ಚೆನ್ನಾಗಿದೆ, ಕೀಲು ಇನ್ನೂ ಸಡಿಲವಾಗಿಲ್ಲ. ಆದರೆ ಜೊತೆಗೆ ಬಂದ ಕಾಳು ನೋಡಿ ಎದೆ ಧಸಕ್ಕೆಂದಿತು. ಕೆಂಪಗೆ ಹೊಳೆಯುವ, ಕಪ್ಪು ಚುಕ್ಕಿಯ ಗುಲಗಂಜಿ! ನೋಡಲು ಎಷ್ಟು ಚಂದವೋ ಅಷ್ಟೇ ವಿಷ. ಅದರಲ್ಲಿ ಅಬ್ರಿನ್ ಅನ್ನುವ ವಿಷ ಇದೆ. ಇಡೀ ಕಾಳು ನುಂಗಿದರೆ ಗಟ್ಟಿ ಸಿಪ್ಪೆ ತಡೆಯಬಹುದು, ಕಚ್ಚಿ ಅಗಿದರೆ ಮಾತ್ರ ಪ್ರಾಣಕ್ಕೇ ಅಪಾಯ. ಅವತ್ತೇ ತೆಗೆದುಹಾಕಿ ಹುಣಸೆ ಬೀಜ ತುಂಬಿದೆ. ನೀವು ಅಳಗುಳಿ ಮಣೆ ಕೊಳ್ಳುವುದಾದರೆ ಮೊದಲು ಕಾಳು ಯಾವುದು ಅಂತ ಕೇಳಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹುಣಸೆ ಬೀಜವೂ ಬೇಡ, ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಚನ್ನಪಟ್ಟಣದ ಬುಗುರಿ, ಬಳೆ ಜೋಡಿಸುವ ಗೋಪುರ ಮಗನಿಗೆ ವರ್ಷ ತುಂಬುವಾಗಿನಿಂದ ಇವೆ. ಬಣ್ಣ ಎಲ್ಲೂ ಎದ್ದಿಲ್ಲ. ಹಾಲೆ ಮರವನ್ನು ಕಡೆಯುವಾಗ ತಿರುಗುತ್ತಿರುವ ಮರಕ್ಕೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಪೇಂಟಿನ ಹಾಗೆ ಪದರ ಪದರವಾಗಿ ಏಳದಿರುವುದು ಅದಕ್ಕೇ. ಆದರೆ ನೀರಲ್ಲಿ ನೆನೆಸಬೇಡಿ, ಬಿಸಿಲಲ್ಲಿ ಬಿಡಬೇಡಿ, ಹೊಳಪು ಹೋಗುತ್ತದೆ. ಇದರ ಮೇಲೆ ಐಎಸ್‌ಐ ಗುರುತು ಇಲ್ಲವಲ್ಲ ಅಂತ ಸ್ನೇಹಿತೆಯೊಬ್ಬಳು ಹಿಂದೇಟು ಹಾಕಿದಳು. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ, ನಿಜ. ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿದ ಕರಕುಶಲ ವಸ್ತುಗಳಿಗೂ ಜಿಐ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇರುವ ಆಟಿಕೆಗಳಿಗೂ ವಿನಾಯಿತಿ ಇದೆ. ಚನ್ನಪಟ್ಟಣದ್ದಕ್ಕೆ ಜಿಐ ಇದೆ. ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಇದರ ಜೊತೆ ಬೇರೆ ಆಟಿಕೆಗಳನ್ನೂ ಬೆರೆಸಿ ಇಟ್ಟಿರುತ್ತಾರೆ. ಅರಗಿನ ಕೆಲಸದ್ದೇ ಬೇಕು ಅಂತ ಕೇಳಿ, ಇಲ್ಲವಾದರೆ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ತೆಗೆದುಕೊಳ್ಳಿ.

ಹುಟ್ಟುಹಬ್ಬಕ್ಕೆ ಬಂದ ಹಾಡು ಹೇಳುವ ಆಟಿಕೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಲ್ಲೇ ತೆಗೆಯಬಹುದಿತ್ತು. ಒಳಗಿದ್ದದ್ದು ಬಟನ್ ಸೆಲ್. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಸ್ಕ್ರೂ ಇಲ್ಲದ್ದನ್ನು ಯಾರೇ ಕೊಟ್ಟರೂ ನಾನು ಮಕ್ಕಳ ಕೈಗೆ ಕೊಡುವುದಿಲ್ಲ.

ಇನ್ನು ತಿಂಡಿ. ಮಕ್ಕಳ ತಿಂಡಿ ಅಂತ ಮಾರುವ ಪೊಟ್ಟಣಗಳನ್ನು ಹಲವು ಕಾಲ ತಂದು ನೋಡಿದೆವು. ರಾಗಿ ಬಿಸ್ಕತ್ತು, ಮಿಲ್ಲೆಟ್ ಪಫ್, ಓಟ್ಸ್ ಬಾರ್. ಈಗ ನಾನು ಪೊಟ್ಟಣದ ಮುಂಭಾಗ ನೋಡುವುದೇ ಇಲ್ಲ, ಸೀದಾ ಹಿಂದೆ ತಿರುಗಿಸುತ್ತೇನೆ. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ನಾವು ತರುತ್ತಿದ್ದ ಒಂದು ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಅದಾದ ಮೇಲೆ ರಾಗಿ. ಮಕ್ಕಳು ಇಷ್ಟಪಟ್ಟು ತಿಂದರು, ಸಕ್ಕರೆ ಅಷ್ಟಿದ್ದರೆ ತಿನ್ನದೆ ಇರುತ್ತಾರಾ?

ಅದರ ಜಾಗಕ್ಕೆ ಬಂದದ್ದು ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿಟ್ಟು, ಕಾದ ಮರಳಲ್ಲಿ ಹುರಿದು ಅರಳಿಸಿ, ಬೀಸಿದ ಹಿಟ್ಟು. ಮತ್ತೆ ಬೇಯಿಸುವುದು ಬೇಡ. ಹಿಟ್ಟಿಗೆ ಬೆಲ್ಲದ ಪುಡಿ, ತೆಂಗಿನ ತುರಿ, ಒಂದು ಚಮಚ ತುಪ್ಪ, ಬೇಕಾದಷ್ಟು ಬೆಚ್ಚಗಿನ ಹಾಲು ಹಾಕಿ ಕಲೆಸಿದರೆ ಮಕ್ಕಳು ಶಾಲೆಯಿಂದ ಬಂದು ಕೈಕಾಲು ತೊಳೆಯುವುದರೊಳಗೆ ತಿಂಡಿ ಸಿದ್ಧ. ಅತ್ತೆಗೆ ಅದನ್ನೇ ಮಜ್ಜಿಗೆ, ಉಪ್ಪು ಹಾಕಿ ಕಲೆಸುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮಗು 30 ಗ್ರಾಂ ಹಿಟ್ಟು ತಿಂದರೂ 100 ಮಿಲಿಗ್ರಾಂ ಆಯಿತು. ಗಾಂಧಿ ಬಜಾರ್ ಕಡೆಯ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಕಾಲು ಕಿಲೋ, ಅರ್ಧ ಕಿಲೋ ಮಾತ್ರ ತನ್ನಿ. ಜಾಸ್ತಿ ದಿನ ಇಟ್ಟರೆ ಘಮ ಹೋಗಿ ಬರೀ ಹಿಟ್ಟಿನ ವಾಸನೆ ಉಳಿಯುತ್ತದೆ. ಮಗಳಿಗೆ ಕಲೆಸಿದ್ದು ಇಷ್ಟ, ಮಗನಿಗೆ ಉಂಡೆ ಕಟ್ಟಿಯೇ ಕೊಡಬೇಕು.

ಕಾಂಡಿಮೆಂಟ್ಸ್ ಅಂಗಡಿ ತಿಂಡಿಯಲ್ಲಿ ಎಲ್ಲರಿಗೂ ಒಪ್ಪಿದ್ದು ಬೆಣ್ಣೆ ಮುರುಕು. ಖಾರ ಇಲ್ಲ, ಬಾಯಲ್ಲಿ ಕರಗುತ್ತದೆ. ಕೋಡುಬಳೆ, ನಿಪ್ಪಟ್ಟು ದೊಡ್ಡವರಿಗೆ. ಕೊಳ್ಳುವಾಗ ಒಂದು ಚೂರು ಮುರಿದು ಮೂಸಿ ನೋಡಿ, ಕಮಟು ವಾಸನೆ ಬಂದರೆ ವಾಪಸ್ ಕೊಡಿ, ಒಳ್ಳೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಂಗ್ರೆಸ್ ಕಡಲೆಬೀಜ ನನಗೆ ಪ್ರಾಣ. ಆದರೆ ನಾಲ್ಕೈದು ವರ್ಷ ತುಂಬುವ ತನಕ ಮಕ್ಕಳಿಗೆ ಕಡಲೆಬೀಜ ಹಾಗೇ ಕೊಡಬಾರದು, ಉಸಿರುನಾಳಕ್ಕೆ ಹೋದರೆ ಕಷ್ಟ. ಚಿಕ್ಕವನಿಗೆ ಮೊನ್ನೆ ಮೊನ್ನೆಯವರೆಗೂ ಪುಡಿ ಮಾಡಿಯೇ ಕೊಡುತ್ತಿದ್ದೆ.

ಎಲ್ಲಕ್ಕಿಂತ ಅಗ್ಗದ್ದು ಕಡಲೆಪುರಿ. ಮಳೆಗಾಲದಲ್ಲಿ ಪುರಿ ಮೆತ್ತಗಾಗುತ್ತದೆ ಅನ್ನುವುದೊಂದೇ ತೊಂದರೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಕೈಯಾಡಿಸಿ, ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಮತ್ತೆ ಮೆತ್ತಗೆ.

ಮನೆ ಸಾಮಾನಿನ ವಿಷಯದಲ್ಲಿ ಬೆಂಗಳೂರಿನವರು ಮೊದಲು ನೀರು ನೋಡಬೇಕು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದದ್ದು ಬೋರ್‌ವೆಲ್. ಬೇರೆ ಊರಿನವರು ಐದು ಸ್ಟಾರ್ ಕೊಟ್ಟ ಸೋಪು ಇಲ್ಲಿ ಗಡಸು ನೀರಿಗೆ ನೊರೆಯೇ ಕೊಡುವುದಿಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನು ಹಿಡಿದುಕೊಂಡು ಬಕೆಟ್ಟಿನ ಒಳಗೆ ಬೂದು ಪೊರೆಯಾಗಿ ಕೂರುತ್ತದೆ. ಅಂಟುವಾಳದ ಲಿಕ್ವಿಡ್ ಒಂದನ್ನು ಬಹಳ ಕಾಲ ಬಳಸಿದೆವು. ಬಣ್ಣದ ಬಟ್ಟೆಗೆ, ನೆಲಕ್ಕೆ ಚೆನ್ನಾಗಿದೆ. ಮಗನ ಮೊಣಕೈ ಒಳಗಿನ ತುರಿಕೆಯೂ ಈಗ ಕಡಿಮೆ, ಇದರಿಂದಲೇ ಅಂತ ಮಾತ್ರ ಹೇಳಲಾರೆ. ಹಪ್ಪಳ ಕರಿದ ಬಾಣಲೆಗೆ ಇದು ಸಾಲದು, ಅದಕ್ಕೆ ಮಾಮೂಲಿ ಡಿಶ್‌ವಾಶ್ ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಚೆನ್ನಾಗಿಯೇ ಉರಿಯುತ್ತದೆ. ‘ನೈಸರ್ಗಿಕ’ ಅಂತ ಮಕ್ಕಳ ಕೈಗೆ ಎಟಕುವಲ್ಲಿ ಇಡಬೇಡಿ.

ನಿಂಬೆ, ಮೋಸಂಬಿ ಸಿಪ್ಪೆ ಹುಳಿಸಿ ಮಾಡುವ ಕ್ಲೀನರ್, ಅಂದರೆ ಬಯೋ ಎನ್‌ಜೈಮ್, ಅತ್ತೆಯ ಇಲಾಖೆ. ಬೆಲ್ಲ 1 ಪಾಲು, ಸಿಪ್ಪೆ 3, ನೀರು 10, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಇಲ್ಲವಾದರೆ ಬಾಟಲಿ ಉಬ್ಬುತ್ತದೆ. ನೀರು ಬೆರೆಸಿ ಬಾತ್‌ರೂಮ್ ಟೈಲ್ಸ್‌ಗೆ ಹಾಕಿದರೆ ಉಪ್ಪಿನ ಕಲೆ ನಿಧಾನವಾಗಿ ಬಿಡುತ್ತದೆ. ಇದು ಹುಳಿ, ಹಾಗಾಗಿ ಮಾರ್ಬಲ್ ಮೇಲೆ ಬೇಡ, ಬ್ಲೀಚಿಂಗ್ ಪೌಡರ್ ಜೊತೆಯಂತೂ ಬೇಡವೇ ಬೇಡ, ವಿಷಗಾಳಿ ಏಳುತ್ತದೆ.

ಬೀರುವಿನ ನುಸಿಗುಳಿಗೆಯನ್ನು ಪೂರ್ತಿ ನಿಲ್ಲಿಸಿದೆವು. ನೋಡಲು ಥೇಟ್ ಪೆಪ್ಪರ್‌ಮಿಂಟ್. ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಈ ಗುಳಿಗೆಯ ನ್ಯಾಫ್ತಲೀನ್‌ನಿಂದ ರಕ್ತಕಣಗಳೇ ಒಡೆಯಬಹುದು. ಈಗ ಒಣಗಿಸಿದ ಬೇವಿನ ಸೊಪ್ಪಿನ ಗಂಟು ಇಡುತ್ತೇವೆ. ಆಗಾಗ ಬದಲಿಸುವ ಕೆಲಸ ಇದೆ, ಇರಲಿ.

ಕೊನೆಯದು ನಲ್ಲಿಯ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ನೀರು ಉಳಿಸಲು ನಲ್ಲಿಯ ಬಾಯಿಗೆ ಹಾಕುವ ಜಾಲರಿ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡುವಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿತಲ್ವಾ, ಆಗ ನಮ್ಮ ಮನೆಗೂ ಹಾಕಿಸಿದೆವು. ಮಕ್ಕಳು ಹಲ್ಲುಜ್ಜುವ ಬೇಸಿನ್‌ಗೆ ಇದು ಹೇಳಿ ಮಾಡಿಸಿದ್ದು, ನಲ್ಲಿ ಪೂರ್ತಿ ತಿರುಗಿಸಿದರೂ ನೀರು ಎರಚುವುದಿಲ್ಲ. ಬೋರ್‌ವೆಲ್ ನೀರಿನ ಉಪ್ಪು ಜಾಲರಿಗೆ ಕಟ್ಟಿ ಕೆಲವು ವಾರಕ್ಕೆ ನೀರು ಸೊರಗುತ್ತದೆ. ಬಿಚ್ಚಿ ಒಂದು ಬಟ್ಟಲು ವಿನಿಗರ್‌ನಲ್ಲಿ ರಾತ್ರಿ ನೆನೆಸಿಟ್ಟು, ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಅಡುಗೆಮನೆಯ ನಲ್ಲಿಯಿಂದ ಮಾತ್ರ ತೆಗೆಸಿದೆ, ಬಿಂದಿಗೆ ತುಂಬಲು ತುಂಬಾ ಹೊತ್ತು ಹಿಡಿಯುತ್ತಿತ್ತು.