ಎಎಚ್ ಪ್ಲಸ್: ಕೊಲ್ಲುವುದಕ್ಕಿಂತ ಮುಚ್ಚುವುದರಲ್ಲೇ ಗಟ್ಟಿ

ರೂಟ್ ಕೆನಾಲ್‌ಗೆ ಯಾವ ಸೀಲರ್ (ಸ್ವಚ್ಛ ಮಾಡಿದ ಬೇರಿನ ನಾಳದ ಸಂದು ಮುಚ್ಚುವ ಪೇಸ್ಟ್) ತರಿಸಲಿ ಅಂತ ಕೇಳುವ ಹೊಸ ಡಾಕ್ಟರುಗಳ ಎರಡನೇ ಪ್ರಶ್ನೆ ಯಾವಾಗಲೂ ಒಂದೇ: "ಯಾವುದು ಜಾಸ್ತಿ ಬ್ಯಾಕ್ಟೀರಿಯಾ ಕೊಲ್ತದೆ ಮೇಡಂ?" ಉಡುಪಿ ಕಡೆಯ ನನ್ನ ಕ್ಲಿನಿಕ್‌ನಲ್ಲಿ ದಿನಬಳಕೆಗೆ ಇರುವುದು ಎಎಚ್ ಪ್ಲಸ್ ಎಂಬ ಎಪಾಕ್ಸಿ ರೆಸಿನ್ ಸೀಲರ್. ಕೊಲ್ಲುವ ಲೆಕ್ಕದಲ್ಲಿ ಅದು ಮೊದಲ ಸ್ಥಾನದ್ದಲ್ಲ, ಆದರೂ ಅದೇ ಬೇಕು ನನಗೆ.

ಎರಡು ಟ್ಯೂಬ್. ಒಂದರಲ್ಲಿ ಎಪಾಕ್ಸಿ, ಇನ್ನೊಂದರಲ್ಲಿ ಅಮೈನ್. ಪ್ಯಾಡ್ ಮೇಲೆ ಸಮಸಮ ಹಿಂಡಿ ಕಲಸಿದರೆ ಆಯಿತು. ಕಲಸಿದ ಮೇಲೆ ನಾಲ್ಕು ಗಂಟೆ ಕೆಲಸಕ್ಕೆ ಸಿಗುತ್ತದೆ, ಬಾಯಿಯ ಬಿಸಿಗೆ ಗಟ್ಟಿಯಾಗಲು ಸುಮಾರು ಎಂಟು ಗಂಟೆ. ನಾಲ್ಕು ಕೆನಾಲಿನ ದವಡೆ ಹಲ್ಲು ಕೂತಾಗ ಈ ಬಿಡುವು ಎಂಥ ಸಮಾಧಾನ ಅಂತ ಜಿಂಕ್ ಆಕ್ಸೈಡ್ ಯೂಜಿನಾಲ್ ಎಂಬ ಹಳೆಯ ಬಗೆಯ ಸೀಲರ್ ಕಲಸಿದವರಿಗೆ ಗೊತ್ತು. ತೇವ, ಸೆಕೆ ಎರಡೂ ಆ ಯೂಜಿನಾಲ್ ಸೀಲರನ್ನು ಬೇಗ ಗಟ್ಟಿ ಮಾಡುತ್ತವೆ. ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಗಾಜಿನ ಸ್ಲ್ಯಾಬ್ ಮೇಲೆಯೇ ಬಿಗಿದುಕೊಳ್ಳುತ್ತದೆ ಮಾರಾಯ್ರೆ! ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕುವುದಿದ್ದರೆ ಉಳಿದ ಯೂಜಿನಾಲ್ ಅದಕ್ಕೂ ಅಡ್ಡಿ. ಅಗ್ಗ, ನಿಜ.

ಈಗ ಕೊಲ್ಲುವ ವಿಷಯ. ಚಿಕಿತ್ಸೆ ಸೋತ ಹಲ್ಲುಗಳಲ್ಲಿ ಮತ್ತೆಮತ್ತೆ ಸಿಗುವ ಎಂಟೆರೊಕಾಕಸ್ ಫೀಕಾಲಿಸ್ ಮೇಲೆ ಹಸಿ ಎಎಚ್ ಪ್ಲಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಟ್ಟಿಯಾದ ಮೇಲೆ ಆ ಶಕ್ತಿ ಬಹುಮಟ್ಟಿಗೆ ಹೋಯಿತು. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟಿನಲ್ಲಿ ಯೂಜಿನಾಲ್ ತನ್ನ ಸುತ್ತ ಬ್ಯಾಕ್ಟೀರಿಯಾ ಇಲ್ಲದ ದೊಡ್ಡ ಉಂಗುರ ಬಿಡಿಸಿ ಗೆದ್ದಂತೆ ಕಾಣುವುದು ಅದು ಅಗಾರಿನೊಳಗೆ ಹರಡಬಲ್ಲದು ಎನ್ನುವ ಕಾರಣಕ್ಕೂ ಹೌದು. ಅಂದರೆ ಕೊಲ್ಲಬೇಕಾದರೆ ಸೀಲರಿನಿಂದ ಏನಾದರೂ ಹೊರಗೆ ಬರಬೇಕು. ಬರುತ್ತಲೇ ಇದ್ದರೆ ಒಳಗೆ ಜಾಗ ಖಾಲಿ. ಕೊಲ್ಲುವ ಕೆಲಸ ಕೆನಾಲ್ ತೊಳೆಯುವ ಹೈಪೋಕ್ಲೋರೈಟ್‌ನದ್ದು, ಗೋಡೆ ಕೆರೆಯುವ ಫೈಲಿನದ್ದು. ಅವು ಮುಗಿಸದ್ದನ್ನು ಸೀಲರ್ ಮುಗಿಸಲಿ ಅಂತ ಕಾಯುವುದು ಸೋಮಾರಿತನ.

ಸೀಲರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6876 ಕರಗುವಿಕೆಗೆ ಶೇ. 3ರವರೆಗೆ ಅವಕಾಶ ಕೊಡುತ್ತದೆ, ಎಎಚ್ ಪ್ಲಸ್ ಅದರ ಹತ್ತಿರವೂ ಹೋಗುವುದಿಲ್ಲ. ಪದರದ ದಪ್ಪ 50 ಮೈಕ್ರಾನ್ ಮೀರಬಾರದು. ಇದರದ್ದು ಅದರ ಅರ್ಧದ ಆಸುಪಾಸು. ಎಕ್ಸ್‌ರೇಯಲ್ಲಿ 3 ಮಿಲಿಮೀಟರ್ ಅಲ್ಯುಮಿನಿಯಂನಷ್ಟು ಬೆಳ್ಳಗೆ ಕಂಡರೆ ಸಾಕು ಎನ್ನುವ ನಿಯಮವನ್ನು ಇದು ಎಷ್ಟೋ ಪಟ್ಟು ದಾಟುತ್ತದೆ. ಪಕ್ಕದ ಸಣ್ಣ ಕವಲಿಗೆ ನುಗ್ಗಿದ್ದು ಫಿಲ್ಮಿನಲ್ಲಿ ಹೊಳೆದಾಗ ಆಗುವ ಖುಷಿಯನ್ನು ಪೇಷಂಟಿಗೆ ಹೇಳಿ ತಿಳಿಸಲಾಗದು.

ಬಯೋರೂಟ್ ಆರ್‌ಸಿಎಸ್ ಎಂಬ ಇನ್ನೊಂದು ಸೀಲರ್ ಕೂಡ ಕಪಾಟಿನಲ್ಲಿದೆ. ಕ್ಯಾಲ್ಸಿಯಂ ಸಿಲಿಕೇಟ್, ಪುಡಿ ಮತ್ತು ದ್ರವ. ಇದರ ಪಿಎಚ್ 11 ದಾಟುವುದರಿಂದ ಗಟ್ಟಿಯಾದ ಮೇಲೂ ಬ್ಯಾಕ್ಟೀರಿಯಾಗೆ ಕಿರಿಕಿರಿ ಕೊಡುತ್ತದೆ, ಬೇರಿನ ಸುತ್ತಲ ಅಂಗಾಂಶಕ್ಕೂ ಮೃದು. ಆದರೆ ಕರಗುವಿಕೆಯಲ್ಲಿ ಹಲವು ಪರೀಕ್ಷೆಗಳು ಇದನ್ನು ಶೇ. 3ರ ಗೆರೆಯಾಚೆ ಕಂಡಿವೆ. ಕೆನಾಲ್ ತುಂಬುವ ರಬ್ಬರಿನಂಥ ಗಟ್ಟಾ ಪರ್ಚಾವನ್ನು ಬಿಸಿ ಮಾಡಿ ಒತ್ತುವ ಪದ್ಧತಿಗೂ ಒಗ್ಗುವುದಿಲ್ಲ. ಒಂದೇ ಗಟ್ಟಾ ಪರ್ಚಾ ಕೋನ್ ಹಾಕಿ ಮುಗಿಸುವ ಕಡೆ ಮಾತ್ರ ತೆಗೆಯುತ್ತೇನೆ. ಆಗ ಕೆನಾಲನ್ನು ಪೂರಾ ಒಣಗಿಸಬಾರದು, ಗಟ್ಟಿಯಾಗಲು ಅದಕ್ಕೆ ತೇವ ಬೇಕು.

ಎಎಚ್ ಪ್ಲಸ್‌ನ ಕಿರಿಕಿರಿ ಶುರುವಾಗುವುದು ಮರುಚಿಕಿತ್ಸೆಯಲ್ಲಿ. ಗೋಡೆಗೆ ಅಂಟಿದ ರೆಸಿನ್ ಪೂರ್ತಿ ಬಿಟ್ಟುಬರುವುದಿಲ್ಲ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಆಗದು. ಇದೇ ಸಾಲಿನ ಹಳೆಯ ಸೀಲರ್ ಎಎಚ್ 26ಕ್ಕೆ ಮರಳುವ ಯೋಚನೆ ಇದ್ದರೆ, ಗಟ್ಟಿಯಾಗುವಾಗ ಅದು ಫಾರ್ಮಾಲ್ಡಿಹೈಡ್ ಬಿಡುತ್ತದೆ ಎನ್ನುವುದು ನೆನಪಿರಲಿ.

ಬೆಲೆ ನೋಡಿ ಹಿಂಜರಿಯುವವರು ಟ್ಯೂಬನ್ನೇ ತೆಗೆದುಕೊಳ್ಳಿ. ಒಂದು ಹಲ್ಲಿಗೆ ಬೇಕಾಗುವುದು ಕಡಲೆಬೇಳೆಯಷ್ಟು. ತಾನೇ ಬೆರೆಸುವ ಜೆಟ್ ಸಿರಿಂಜ್ ಕೈಗೆ ಸುಲಭ, ಆದರೆ ಪ್ರತಿ ಸಲ ಅದರ ತುದಿಯೊಳಗೆ ಉಳಿದ ಪೇಸ್ಟ್ ಕಸದ ಬುಟ್ಟಿಗೆ ಹೋಗುತ್ತದೆ.